ವಿಷಯ ಸಾಕ್ಷಿಯಾದ ಬೇಸಿಗೆ

ಆಗೆಲ್ಲ ಬದಿಯಡ್ಕದಾಚೆಯ ನಮ್ಮ ಊರಿನಲ್ಲಿ ಬೇಸಿಗೆ ರಜೆ ಎಂದರೆ ಗೇರುಹಣ್ಣಿನ ವಾಸನೆ. ಸೀಳಿ ಉಪ್ಪು ಹಚ್ಚಿ ತಿಂದರೂ ಗಂಟಲು ಕೆರೆಯುವುದು ಬಿಡುತ್ತಿರಲಿಲ್ಲ, ಅಂಗಿಗೆ ಬಿದ್ದ ಕಲೆ ಹೋಗುತ್ತಿರಲಿಲ್ಲ. ಅದೇ ಅಂಟು ಕೈಯಲ್ಲಿ ನಾವು ಬೈಬಲ್ ಹಿಡಿದುಕೊಂಡು ಶನಿವಾರ ಮಧ್ಯಾಹ್ನ ಸುನೀತಕ್ಕನ ಮನೆಯ ಜಗಲಿಗೆ ಓಡುತ್ತಿದ್ದೆವು.

ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗಿಯರೇ ಸೇರಿ ನಡೆಸುತ್ತಿದ್ದ ಚಿಕ್ಕ ಕೂಟ ಅದು. ದೊಡ್ಡವರು ಯಾರೂ ಬರುತ್ತಿರಲಿಲ್ಲ. ಹತ್ತನೆಯದು ಮುಗಿಸಿ ಪ್ಲಸ್ ವನ್ ಓದುತ್ತಿದ್ದ ಸುನೀತಕ್ಕನೇ ನಮಗೆಲ್ಲ ಹಿರಿಯಳು. ನಾನು ಆಗಷ್ಟೇ ಆರನೆಯ ತರಗತಿ ಮುಗಿಸಿದ್ದೆ. ಮೊದಲು ಹಾಡು, ಆಮೇಲೆ ವಚನ ಹುಡುಕುವ ಆಟ. ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕು. ಸುನೀತಕ್ಕ ಅಧ್ಯಾಯ, ವಚನ ಕೂಗಿದ ಕೂಡಲೇ ಪುಟ ಮಗುಚಿ ಹುಡುಕಬೇಕು. ಗೆದ್ದವಳಿಗೆ ಪುನರ್ಪುಳಿ ಶರಬತ್ತಿನ ಮೊದಲ ಲೋಟ. ಕೊನೆಗೆ ಪ್ರಾರ್ಥನೆ. ಅದಕ್ಕೆ ಮೊದಲು ಪ್ರತಿಯೊಬ್ಬಳೂ ಒಂದು ‘ವಿಷಯ’ ಕೊಡಬೇಕು, ಅಂದರೆ ಏತಕ್ಕಾಗಿ ಪ್ರಾರ್ಥಿಸಬೇಕು ಎಂಬುದನ್ನು.

ಬೆನಿಟಾ ಎಂಬ ನನ್ನ ಗೆಳತಿ ಒಮ್ಮೆ ಕಳೆದುಹೋದ ಕೋಳಿಯನ್ನು ವಿಷಯವಾಗಿ ಕೊಟ್ಟಳು. ಎರಡೇ ದಿನಕ್ಕೆ ಕೋಳಿ ತಾನಾಗಿಯೇ ಬಂತು. ಮುಂದಿನ ಶನಿವಾರ ಅವಳು ಎದ್ದು ನಿಂತು ಅದನ್ನು ‘ಸಾಕ್ಷಿ’ಯಾಗಿ ಹೇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸುನೀತಕ್ಕನ ನಿಯಮ ಸ್ಪಷ್ಟವಾಗಿತ್ತು. ವಿಷಯ ಜಗಲಿ ದಾಟಿ ಹೊರಗೆ ಹೋಗಬಾರದು. ಆದರೆ ದೇವರು ಅದಕ್ಕೆ ಉತ್ತರ ಕೊಟ್ಟರೆ ಅದು ಸಾಕ್ಷಿ. ಸಾಕ್ಷಿಯನ್ನು ಮುಚ್ಚಿಡಬಾರದು.

ನನಗೆ ವಿಷಯವೇ ಇರುತ್ತಿರಲಿಲ್ಲ. ಪ್ರತಿ ಸಲ ‘ಪರೀಕ್ಷೆ’ ಎನ್ನುತ್ತಿದ್ದೆ. ಆ ಏಪ್ರಿಲ್‌ನಲ್ಲೂ ಹಾಗೆಯೇ ಎಂದೆ.

“ರಜೆಯಲ್ಲಿ ಎಂತ ಪರೀಕ್ಷೆ ಮಾರಾಯ್ತಿ?” ಎಂದಳು ಬೆನಿಟಾ. “ಇವಳಿಗೆ ದೇವರ ಹತ್ರ ಕೆಲಸವೇ ಇಲ್ಲ!”

ಎಲ್ಲರೂ ನಕ್ಕರು. ಸುನೀತಕ್ಕ ಮಾತ್ರ ನಗದೆ, “ನಿಜವಾದ ವಿಷಯ ಎಂತಾದ್ರೂ ಉಂಟಾದ್ರೆ ಹೇಳು, ಇಲ್ಲಿ ಹೇಳಿದ್ದು ಇಲ್ಲಿಗೇ” ಎಂದಳು.

“ಪಪ್ಪ ಕುಡೀತಾರೆ” ಎಂದುಬಿಟ್ಟೆ.

ನಮ್ಮ ಮನೆಮಾತು ತುಳು. ತುಳುವಿನಲ್ಲಿ ಆ ವಾಕ್ಯ ನನ್ನ ಬಾಯಿಂದ ಎಂದೂ ಹೊರಟಿರಲಿಲ್ಲ, ಅಮ್ಮನ ಎದುರಿನಲ್ಲೂ. ಕೂಟದ ಕನ್ನಡದಲ್ಲಿ ಅದು ಬೇರೆ ಯಾರದೋ ಮನೆಯ ಮಾತಿನಂತೆ ಸುಲಭವಾಗಿ ಬಂತು.

ಇಲ್ಲಿ ನಾನು ಕಂಡಷ್ಟನ್ನೇ ಹೇಳಬೇಕು. ಪಪ್ಪ ಒಳಗಿನ ಊರುಗಳ ಮಕ್ಕಳನ್ನು ಜೀಪಿನಲ್ಲಿ ಬದಿಯಡ್ಕದ ಶಾಲೆಗೆ ಬಿಡುತ್ತಿದ್ದರು. ಜೀಪು ಓಡಿಸುವಾಗ ಕುಡಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಸಂಜೆ ಜೀಪು ತೊಳೆದು ನಿಲ್ಲಿಸಿದ ಮೇಲೆ ಮನೆಯ ಹಿಂದೆ ಒಬ್ಬರೇ ಕೂತು ಕುಡಿಯುತ್ತಿದ್ದರು. ಯಾರಿಗೂ ಬೈಯುತ್ತಿರಲಿಲ್ಲ. ಊಟ ಮಾಡದೆ ಮಲಗುತ್ತಿದ್ದರು. ಬಡಿಸಿಟ್ಟ ಅನ್ನವನ್ನು ಅಮ್ಮ ಪಾತ್ರೆಗೆ ತಿರುಗಿ ಹಾಕುತ್ತಿದ್ದರು. ಆ ತಟ್ಟೆಯನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಜಗಲಿಯಲ್ಲಿ ಎಲ್ಲರೂ ನನ್ನ ಕೈ ಹಿಡಿದುಕೊಂಡರು. ಬೆನಿಟಾ ಅಳುತ್ತಾ ಪ್ರಾರ್ಥಿಸಿದಳು. ಅಷ್ಟು ಹಗುರವಾಗಿ ನಾನು ಯಾವತ್ತೂ ಮನೆಗೆ ನಡೆದಿರಲಿಲ್ಲ. ದೇವರು ಕೇಳುತ್ತಾನೆ ಎಂದು ನಾನು ನಂಬಿದ್ದು ಪಪ್ಪ ಅಮ್ಮ ಹೇಳಿಕೊಟ್ಟದ್ದರಿಂದಲ್ಲ, ಆ ಅಂಟು ಕೈಗಳಿಂದ.

ಮೇ ತಿಂಗಳಲ್ಲಿ ಪಪ್ಪ ಕುಡಿಯುವುದನ್ನು ಬಿಟ್ಟರು. ಯಾಕೆ ಬಿಟ್ಟರೆಂದು ನನಗೆ ಇಂದಿಗೂ ಗೊತ್ತಿಲ್ಲ. ಸಂಜೆ ಪೇಟೆಯಿಂದ ಗೋಳಿಬಜೆ ಕಟ್ಟಿಸಿಕೊಂಡು ಬರತೊಡಗಿದರು. ನಮ್ಮ ಜೊತೆಯಲ್ಲೇ ಕೂತು ಉಂಡರು. ನಾನು ಕೂಟಕ್ಕೆ ಓಡಿಹೋಗಿ ಹೇಳಿದೆ. ಹುಡುಗಿಯರು ನನ್ನನ್ನು ಎತ್ತಿ ಕುಣಿಸಿದರು.

ರಜೆಯ ಕೊನೆಯ ಭಾನುವಾರ ಸಭೆಯಲ್ಲಿ ಮಕ್ಕಳ ಆರಾಧನೆ ಇತ್ತು. ಹಿಂದಿನ ದಿನ ಸುನೀತಕ್ಕ ಕೇಳಿದಳು: “ನಿನ್ನ ಸಾಕ್ಷಿ ನೀನೇ ಹೇಳ್ತೀಯಾ?”

“ನಂಗೆ ನಾಚಿಕೆ ಆಗ್ತದೆ. ನೀವೇ ಹೇಳಿ ಅಕ್ಕ. ಪಪ್ಪನ ಹೆಸರು ಮಾತ್ರ ಬೇಡ.”

“ಹೆಸರು ಹೇಳುದಿಲ್ಲ, ಬೈಬಲ್ ಪ್ರಕಾರ ಆಣೆ ಹಾಕ್ಲಿಕ್ಕಿಲ್ಲ, ಆದ್ರೆ ಹೇಳುದಿಲ್ಲ” ಎಂದಳು.

ಅವಳು ಮಾತಿಗೆ ತಪ್ಪಲಿಲ್ಲ. ಹೆಸರು ಹೇಳಲಿಲ್ಲ. “ನಮ್ಮ ಕೂಟದ ತಂಗಿಯೊಬ್ಬಳ ತಂದೆ ಕುಡಿತದ ಬಂಧನದಲ್ಲಿದ್ದರು. ಪುಟ್ಟ ಮಕ್ಕಳನ್ನು ದಿನಾಲೂ ಶಾಲೆಗೆ ಬಿಡುವವರು. ನಾವು ಪ್ರಾರ್ಥಿಸಿದೆವು, ಕರ್ತನು ಅವರನ್ನು ಬಿಡಿಸಿದನು” ಎಂದಳು. ಇಡೀ ಸಭೆ “ಸ್ತೋತ್ರ” ಎಂದಿತು. ನಾನೂ ಎಂದೆ. ನಮ್ಮ ಸಭೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು ಒಬ್ಬರೇ ಇದ್ದರು. ಗಂಡಸರ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ಕೂತಿದ್ದ ಪಪ್ಪ ನಿಧಾನವಾಗಿ ತಲೆ ತಗ್ಗಿಸಿದರು. ಪ್ರಾರ್ಥನೆಗೆ ತಗ್ಗಿಸಿದ್ದೆಂದು ನಾನು ತಿಳಿದೆ.

ಹೊರಗೆ ಚಾ ಕುಡಿಯುವಾಗ ಹಿರಿಯರೊಬ್ಬರು ಅವರ ಬೆನ್ನು ತಟ್ಟಿ, “ದೇವರು ದೊಡ್ಡವ, ಅಲ್ವಾ ಸಾಮುವೇಲಣ್ಣ?” ಎಂದರು. ಪಪ್ಪ “ಹೌದು ಹೌದು” ಎಂದು ನಕ್ಕರು.

ಮನೆಗೆ ಬರುವ ದಾರಿಯಲ್ಲಿ ಜೀಪಿನಲ್ಲಿ ಕೇಳಿದರು: “ನಿಮ್ಮ ಕೂಟದಲ್ಲಿ ಯಾರೆಲ್ಲ ಉಂಟು ಮಗಾ?”

ನಾನು ಒಬ್ಬೊಬ್ಬರ ಹೆಸರು ಹೇಳಿದೆ.

“ಒಳ್ಳೆ ಮಕ್ಕಳು” ಎಂದರು. ಅಷ್ಟೇ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ನನ್ನನ್ನೂ ಕೂರಿಸಿಕೊಂಡು ಹೊರಟ ಪಪ್ಪ ತಿರುವಿನಲ್ಲಿ ಜೀಪು ನಿಲ್ಲಿಸಿ ಹಾರ್ನ್ ಹಾಕಿದರೆ, ಒಬ್ಬ ಹುಡುಗನ ತಾಯಿ ಕೊಡೆ ಹಿಡಿದು ಒಬ್ಬರೇ ಬಂದರು. ಅವರು ನಮ್ಮ ಸಭೆಯವರೂ ಅಲ್ಲ. “ಈ ವರ್ಷ ಅವ ಬಸ್ಸಲ್ಲೇ ಹೋಗ್ತಾನಂತೆ ಅಣ್ಣ. ಬೇಜಾರು ಮಾಡ್ಬೇಡಿ. ಮಕ್ಕಳ ವಿಷಯ ಅಲ್ವಾ?” ಎಂದರು. ಮುಂದಿನ ತಿರುವಿನಲ್ಲಿ ಯಾರೂ ಬರಲೇ ಇಲ್ಲ. ಪಪ್ಪ ಮತ್ತೆ ಹಾರ್ನ್ ಹಾಕಲಿಲ್ಲ. ವೈಪರ್ ಆಚೀಚೆ ಹೋಗುತ್ತಿತ್ತು. ಅವರು ಕುಡಿಯುತ್ತಿದ್ದ ವರ್ಷಗಳಲ್ಲಿ ತುಂಬಿ ಹೋಗುತ್ತಿದ್ದ ಜೀಪು ಕುಡಿತ ಬಿಟ್ಟ ಮೇಲೆ ಖಾಲಿಯಾಯಿತು.

ಓಣಂ ರಜೆಯ ಹೊತ್ತಿಗೆ ಜೀಪು ಮಾರಿದರು. ಬೋವಿಕಾನದ ಕಡೆ ಕೆಂಪುಕಲ್ಲಿನ ಲಾರಿ ಓಡಿಸಲು ಹೋದರು. ಮತ್ತೆ ಕುಡಿಯಲಿಲ್ಲ, ಇವತ್ತಿನವರೆಗೂ ಇಲ್ಲ. ನನ್ನನ್ನು ಬೈಯಲೂ ಇಲ್ಲ. ನಾನು ಕೂಟಕ್ಕೆ ಹೋಗುವುದನ್ನು ನಿಲ್ಲಿಸಿದಾಗ, “ಯಾಕೆ, ಹೋಗು” ಎಂದವರು ಅವರೇ. ಆದರೆ ಅಮ್ಮನ ಹತ್ತಿರ ಏನಾದರೂ ಹೇಳುತ್ತಿರುವಾಗ ನಾನು ಒಳಗೆ ಬಂದರೆ ಅವರ ಮಾತು ಅರ್ಧಕ್ಕೇ ನಿಂತು, ಮಳೆಯ ಕಡೆಗೋ ಸಾರಿನ ಕಡೆಗೋ ಹೊರಳುತ್ತಿತ್ತು.

ನಾನೀಗ ಸೀತಾಂಗೋಳಿಯಲ್ಲಿದ್ದೇನೆ. ಹೋದ ಮಳೆಗಾಲದಲ್ಲಿ ಪಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನಗೆ ತಿಳಿಯಿತು, ಅದೂ ಪಕ್ಕದ ಮನೆಯವರಿಂದ. ಓಡಿಹೋದೆ. ಮಂಚದ ಬದಿಯಲ್ಲಿ ಕೂತು, “ಯಾಕೆ ಪಪ್ಪ ನನಗೆ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳಿದ್ರೆ ನೀನು ಪ್ರಾರ್ಥನೆ ಮಾಡ್ತಿದ್ದಿ ಅಲ್ವಾ” ಎಂದು ನಕ್ಕರು. ಹೊಲಿಗೆ ಎಳೆದು ನೋವಾಗಿ ಹೊಟ್ಟೆ ಹಿಡಿದುಕೊಂಡರು.

ಅವರು ತಮಾಷೆಗೇ ಹೇಳಿದ್ದು. ನಾನೂ ನಕ್ಕೆ. ಆಮೇಲೆ, ಇನ್ನೂ ನೋವು ಉಂಟಾ ಎಂದು ಕೇಳಿದೆ.

“ಎಂತದೂ ಇಲ್ಲ ಮಗಾ” ಎಂದರು, ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡುತ್ತಾ.