ಪಂಚೆಯಲ್ಲಿ ಸುತ್ತಿಟ್ಟ ಸೀರೆ

ಬರ್ಕ್ಲಿಗೆ ತಾಗಿದ ಎಮರಿವಿಲ್ಲಿನಲ್ಲಿ ರೈಲು ಹಳಿಯ ಪಕ್ಕದ ಹಳೆಯ ಗೋದಾಮೊಂದರಲ್ಲಿ ಪರದೆ ಹೊಲಿಯುವ ಅಂಗಡಿ ಇತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಆರು ಹೆಂಗಸರಲ್ಲಿ ಸತ್ಯವತಿಯ ಕೈಗೆ ಹೆಸರಿತ್ತು. ಹಾಸನದ ಹತ್ತಿರದ ದುದ್ದದಲ್ಲಿ ಅವಳ ಅಪ್ಪ ದರ್ಜಿ. ಜಗಲಿಯ ಮೇಲಿನ ಮಿಷನ್ನಿನ ಕೆಳಗೆ ಚೂರು ಬಟ್ಟೆ ಆರಿಸುತ್ತ ಬೆಳೆದವಳು. ಗಂಡ ಗುರುಪ್ರಸಾದ ಬರ್ಕ್ಲಿಯ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದ ಮೇಲೆ ನಾಲ್ಕು ವರ್ಷ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಬೇಸತ್ತು, ಒಂದು ದಿನ ತಾನೇ ಬಸ್ಸು ಹತ್ತಿ ಹೋಗಿ ಕೆಲಸ ಕೇಳಿದ್ದಳು. ಅರ್ಜಿ ತುಂಬಲು ಬರಲಿಲ್ಲ. ಮಿಷನ್ನಿನ ಮುಂದೆ ಕೂತು ಒಂದು ಸಾಲು ನೆರಿಗೆ ಹೊಲಿದು ತೋರಿಸಿದಳು. ಅದೇ ಅರ್ಜಿಯಾಯಿತು.

ಒಂಬತ್ತು ವರ್ಷದಲ್ಲಿ ಎಲ್ಲ ಬಣ್ಣದ ಪರದೆ ಹೊಲಿದಿದ್ದಳು, ಕಪ್ಪು ಮಾತ್ರ ಹೊಲಿದಿರಲಿಲ್ಲ. ೧೯೮೬ರ ಅಕ್ಟೋಬರಿನಲ್ಲಿ ಅದೂ ಬಂತು. ಬರ್ಕ್ಲಿಯ ಗುಡ್ಡದ ಮೇಲಿನ ಮಿಸೆಸ್ ಕಾರ್ವರ್ ಎಂಬಾಕೆ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬಕ್ಕೆ ಇಡೀ ಮನೆಯನ್ನು ಸಿಂಗರಿಸುತ್ತಿದ್ದಳು. ಮಕ್ಕಳನ್ನು ಹೆದರಿಸುವ ಅಗ್ಗದ ಗೊಂಬೆಗಳು ಬೇಡ, ನೂರು ವರ್ಷದ ಹಿಂದೆ ದೊಡ್ಡ ಮನೆತನದಲ್ಲಿ ಸಾವಾದ ಹಾಗೆ ಎಲ್ಲವೂ ಗಂಭೀರವಾಗಿ, ಚಂದವಾಗಿ ಇರಬೇಕು ಎಂಬುದು ಅವಳ ಆಸೆ. ಅದಕ್ಕೆ ಕಪ್ಪು ಮಖಮಲ್ಲಿನ ಪರದೆ, ಕಪ್ಪು ಲೇಸು.

"ಸಾವು ಚಂದವಾಗಿರಬೇಕಂತೆ ಕಣ್ರೀ," ಎಂದಳು ಸತ್ಯವತಿ ಗಂಡನಿಗೆ.

"ಮನೆ ಅವರದು, ಸೂಜಿ ನಿಂದು. ನಿಂಗ್ಯಾಕೇ ಅದರ ಉಸಾಬರಿ?"

ಆದರೆ ಆ ವಾರ ಅವಳ ಮನಸ್ಸು ಪರದೆಯ ಮೇಲೆ ಇರಲಿಲ್ಲ. ಅವಳ ಧಾರೆ ಸೀರೆ ಕಾಣೆಯಾಗಿತ್ತು.

ಗೋಪುರದ ಅಂಚಿನ ಕೆಂಪು ರೇಷ್ಮೆ ಅದು. ಮದುವೆಯ ದಿನ ಹೋಮದ ಕಿಡಿ ಸಿಡಿದು ಸೆರಗಿನಲ್ಲಿ ಉಗುರಿನಷ್ಟು ತೂತಾಗಿತ್ತು. ಅಪಶಕುನ ಎಂದು ಯಾರಾದರೂ ಬಾಯಿ ತೆರೆಯುವ ಮೊದಲೇ ಅಪ್ಪ ಜೇಬಿನಲ್ಲಿದ್ದ ಸೂಜಿ ತೆಗೆದು ರಫು ಮಾಡಿ ತೂತು ಮುಚ್ಚಿಬಿಟ್ಟಿದ್ದ. ಕೆಂಪು ದಾರ ಕೈಗೆ ಸಿಗದೆ ನೀಲಿ ದಾರದಲ್ಲೇ ಮುಗಿಸಿದ್ದ. ಅವರ ಮನೆಯಲ್ಲಿ ಮುತ್ತೈದೆಯಾಗಿ ಹೋದ ಹೆಂಗಸನ್ನು ಧಾರೆ ಸೀರೆ ಉಡಿಸಿಯೇ ಕಳಿಸುತ್ತಿದ್ದರು. ಅವ್ವನನ್ನು ಹಾಗೆಯೇ ಕಳಿಸಿದ್ದರು. "ನಂಗೂ ಇದೇ ಉಡಿಸ್ಬೇಕು, ಮರೀಬ್ಯಾಡಿ," ಎಂದು ಸತ್ಯವತಿ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಜರಿ ಕಪ್ಪಾಗದಿರಲೆಂದು ಅವನ ಹಳೆಯ ಪಂಚೆಯೊಂದರಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದಳು. ಪ್ರತಿ ದೀಪಾವಳಿಗೆ ತೆಗೆದು ನೆರಳಿಗೆ ಹರವಿ ಮತ್ತೆ ಸುತ್ತಿಡುವಳೇ ಹೊರತು ಮದುವೆಯ ನಂತರ ಒಮ್ಮೆಯೂ ಉಟ್ಟಿರಲಿಲ್ಲ. ಈ ಸಲ ಹರವಲು ಹೋದರೆ ಗಂಟೇ ಇಲ್ಲ. ಮನೆಯಲ್ಲಿ ಹುಡುಕದ ಮೂಲೆಯಿಲ್ಲ. ಕೇಳಿದರೆ ಮಗಳು ಸೀರೆ ಕಂಡೇ ಇಲ್ಲ ಎಂದಿದ್ದಳು.

ಹ್ಯಾಲೋವೀನ್ ತಿಂಗಳ ಕೊನೆಯ ದಿನ, ಶುಕ್ರವಾರ ಬಂದಿತ್ತು. ಅಂದು ಸಂಜೆ ನೀರು ತುಂಬುವ ಹಬ್ಬ, ಮರುದಿನ ಬೆಳಿಗ್ಗೆ ಎಣ್ಣೆಸ್ನಾನ. ಬೇಗ ಮನೆಗೆ ಹೋಗಬೇಕೆಂದು ಎಣಿಸಿದ್ದ ಸತ್ಯವತಿಯನ್ನು ಅಂಗಡಿಯ ಮಾಲೀಕಳು ಮಧ್ಯಾಹ್ನ ವ್ಯಾನಿನಲ್ಲಿ ಕರೆದೊಯ್ದು, ಕೊನೆಯ ಎರಡು ಪರದೆ ತೂಗುಹಾಕಲು ಕಾರ್ವರಳ ಮನೆಯಲ್ಲಿ ಇಳಿಸಿ ಹೋದಳು.

ಬಾಗಿಲಿಗೆ ಒಣಗಿದ ಗುಲಾಬಿಯ ಚಕ್ರ ಕಟ್ಟಿತ್ತು. ಒಳಗೆ ಕನ್ನಡಿಗಳಿಗೆಲ್ಲ ಕಪ್ಪು ಲೇಸು ಹೊದಿಸಿದ್ದರು. ಗೋಡೆಯ ಗಡಿಯಾರ ನಿಲ್ಲಿಸಿದ್ದರು. ಬೆಳ್ಳಿಯ ದೀಪಸ್ತಂಭಗಳಲ್ಲಿ ಉದ್ದುದ್ದ ಮೇಣದ ಬತ್ತಿ. ಚಂದವಾಗಿಯೇ ಇತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಪರದೆ ಹೊತ್ತು ನಡುಮನೆಗೆ ಬಂದ ಸತ್ಯವತಿ ಅಲ್ಲೇ ನಿಂತುಬಿಟ್ಟಳು.

ಎರಡು ಮಣೆಗಳ ಮೇಲೆ ಶವಪೆಟ್ಟಿಗೆ. ಒಳಗೆ ಒಂದು ಅಸ್ಥಿಪಂಜರ, ಮದುಮಗಳ ಹಾಗೆ ತಲೆಗೆ ಮುಸುಕು. ಮೈಮೇಲೆ ಕೆಂಪು ರೇಷ್ಮೆ, ಗೋಪುರದ ಅಂಚು.

ಅಂಥ ಅಂಚು ಲೋಕದಲ್ಲಿ ಎಷ್ಟಿಲ್ಲ ಎಂದುಕೊಂಡಳು. ಪರದೆ ಕೆಳಗಿಟ್ಟು ಸೆರಗನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿದಳು. ಉಗುರಿನಷ್ಟು ನೀಲಿ ದಾರ ಅವಳನ್ನೇ ನೋಡುತ್ತಿತ್ತು.

ಸತ್ತಾಗ ತಾನು ಹೇಗೆ ಕಾಣುತ್ತೇನೆಂದು ಬದುಕಿದ್ದಾಗ ಯಾರೂ ನೋಡಬಾರದು. ಅವಳು ನೋಡಿಬಿಟ್ಟಿದ್ದಳು.

"ಹೇಗಿದೆ ನನ್ನ ಮದುಮಗಳು?" ಮಿಸೆಸ್ ಕಾರ್ವರ್ ಹಿಂದಿನಿಂದ ಬಂದಳು. "ಹೈಸ್ಕೂಲಿನ ಬ್ಯಾಂಡಿನವರು ದುಡ್ಡು ಕೂಡಿಸೋಕೆ ಹಳೇ ಬಟ್ಟೆ ಮಾರ್ತಿದ್ರು, ಅಲ್ಲಿ ಸಿಕ್ತು. ಇಷ್ಟು ಒಳ್ಳೇದನ್ನ ಯಾವುದೋ ಹರಕು ಬಟ್ಟೇಲಿ ಸುತ್ತಿ ಎಸೆದಿದ್ರು. ಆ ಹರಕೂ ದಂಡ ಆಗಲಿಲ್ಲ ನೋಡಿ, ತಲೆಗೆ ದಿಂಬು ಮಾಡಿದೀನಿ."

ಸತ್ಯವತಿ ಬಗ್ಗಿ ನೋಡಿದಳು. ಬುರುಡೆಯ ಕೆಳಗೆ ಗುರುಪ್ರಸಾದನ ಪಂಚೆ.

ಫೋನು ಮಾಡಬಹುದೇ ಎಂದು ಕೇಳಿ ಅಡುಗೆಮನೆಗೆ ಹೋದಳು. ಮಗಳು ಇಂದುವಿಗೆ ಹದಿನೈದು, ಆಗಷ್ಟೇ ಶಾಲೆಯಿಂದ ಬಂದಿದ್ದಳು.

"ಇಂದೂ, ಬ್ಯಾಂಡಿನವರಿಗೆ ಬಟ್ಟೆ ಕೊಟ್ಟೆಯಲ್ಲ, ಏನೇನು ಕೊಟ್ಟೆ?"

"ಓಲ್ಡ್ ಸ್ಟಫ್, ಅಮ್ಮ. ನೀನೇ ಹೇಳಿದ್ದಲ್ಲ, ಸೂಟ್‌ಕೇಸಲ್ಲಿರೋ ಹಳೇದು ಕೊಡು ಅಂತ."

"ಮೇಲಿಂದು ಹೇಳಿದ್ದೆ ಕಣೇ. ತಳದಲ್ಲಿ ಪಂಚೆ ಗಂಟು ಇತ್ತಲ್ಲ?"

"ಅದಾ? ಇಟ್ ವಾಸ್ ಆಲ್ ಟೋರ್ನ್. ನೆಲ ಒರೆಸೋ ಬಟ್ಟೆ ಅಂತ ಕೊಟ್ಟೆ."

"ಬಿಚ್ಚಿ ನೋಡಬಾರದಾ, ಕತ್ತೆ?"

"ಒಳ್ಳೇದನ್ನ ಯಾರು ಹರಕು ಬಟ್ಟೇಲಿ ಇಡ್ತಾರಮ್ಮಾ?"

ಅವ್ವ ಇಟ್ಟಿದ್ದಳು, ಅಜ್ಜಿ ಇಟ್ಟಿದ್ದಳು. ಸತ್ಯವತಿ ಫೋನು ಕೆಳಗಿಟ್ಟಳು.

ನಡುಮನೆಗೆ ಬಂದು ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಸೀರೆ ತನ್ನದು, ಈಗಲೇ ಬೇಕು. ನೀಲಿ ದಾರದ ಗುರುತನ್ನು ತೋರಿಸಿದಳು.

ಮಿಸೆಸ್ ಕಾರ್ವರ್ ಕೆಟ್ಟವಳಲ್ಲ. ಪಾಪ ಎನಿಸಿರಬೇಕು, ಅವಳ ತೋಳು ಮುಟ್ಟಿದಳು. "ಖಂಡಿತ ಕೊಡ್ತೀನಿ. ಆದರೆ ಆರು ಗಂಟೆಗೆ ಜನ ಬರ್ತಾರೆ, ಎಲ್ಲಾ ನಿಂತಿರೋದೇ ಇದರ ಮೇಲೆ. ನಾಳೆ ಬೆಳಿಗ್ಗೆ ತಗೊಂಡು ಹೋಗಿ. ಒಂದು ಸಂಜೆ ತಾನೆ?"

"ನಾಳೆ ಆಗೋದಿಲ್ಲ. ಇದು ನನ್ನ ಮದುವೆ ಸೀರೆ. ನಾನು ಸತ್ತಾಗ ಉಡಿಸೋಕೆ ಇಟ್ಟಿದ್ದು. ನಾನಿನ್ನೂ ಸತ್ತಿಲ್ಲ."

ಎರಡು ವಾರದಿಂದ ಸಾವನ್ನು ಸಿಂಗರಿಸುತ್ತಿದ್ದ ಆ ಹೆಂಗಸಿನ ಮುಖ ಬಿಳುಚಿಕೊಂಡಿತು. ಒಮ್ಮೆ ಪೆಟ್ಟಿಗೆಯತ್ತ, ಒಮ್ಮೆ ಎದುರಿಗೆ ಉಸಿರಾಡುತ್ತ ನಿಂತವಳತ್ತ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ತಗೊಳ್ಳಿ, ದಯವಿಟ್ಟು ತಗೊಂಡುಬಿಡಿ," ಎಂದಳು. ಮುಟ್ಟಲು ಅವಳಿಗೇ ಕೈ ಬರಲಿಲ್ಲ.

ಪಿನ್ನುಗಳನ್ನು ಸತ್ಯವತಿಯೇ ಒಂದೊಂದಾಗಿ ಬಿಚ್ಚಿದಳು. ಬಲ ಭುಜದ ಮೇಲೆ ಸೆರಗು ಹಾಕಿದ್ದರು. ಅದನ್ನು ಎಡಕ್ಕೆ ಸರಿಮಾಡಬೇಕೆಂದು ಕೈ ತುಡಿದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು. ಸೀರೆ ಹೋದ ಮೇಲೆ ಎಲುಬುಗಳು ಬರಿದಾಗಿ ಮಲಗಿದ್ದವು. ಆರು ಗಂಟೆಗೆ ಜನ ಬರುತ್ತಾರೆ. ಒಪ್ಪಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಅವಳಪ್ಪನ ಮನೆಯಲ್ಲಿ ಇರಲಿಲ್ಲ. ಪರದೆಗೆಂದು ತಂದು ಮಿಕ್ಕಿದ್ದ ಮಖಮಲ್ಲು, ಲೇಸು ಎಳೆದುಕೊಂಡು ಕೂತಳು. ಮಿಷನ್ನಿಲ್ಲ, ಬರೀ ಕೈ. ಎರಡು ಗಂಟೆಯಲ್ಲಿ ನೆರಿಗೆಯ ನಿಲುವಂಗಿಯೊಂದನ್ನು ಹೊಲಿದು, ತಾನೇ ಎಲುಬಿಗೆ ತೊಡಿಸಿ, ಪರದೆಗಳನ್ನೂ ತೂಗುಹಾಕಿ, ಸೀರೆಯನ್ನು ಅದೇ ಪಂಚೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಮಗಳು ಸ್ಟೀಲಿನ ಬಕೆಟ್ಟಿಗೆ ಸುಣ್ಣದ ಗೀರು ಎಳೆದು, ಅರಿಶಿನ ಕುಂಕುಮ ಹಚ್ಚಿ, ನೀರು ತುಂಬಿಸಿಟ್ಟಿದ್ದಳು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು. ತಾಯಿ ಬೈಯಲಿಲ್ಲ. ಗಂಟನ್ನು ಹೊಸಿಲ ಹೊರಗೇ ಇಟ್ಟು ಅರಿಶಿನದ ನೀರು ಚಿಮುಕಿಸುತ್ತ ನಡೆದದ್ದೆಲ್ಲ ಹೇಳಿದಳು. ಹೆಣಕ್ಕೆ ಉಡಿಸಿದ್ದನ್ನು ಒಳಗೆ ತರುವುದು ಹೇಗೆ ಎಂದಳು.

"ಅದು ಪ್ಲಾಸ್ಟಿಕ್ ಅಮ್ಮ. ಇಟ್ ವಾಸ್ ನೆವರ್ ಎ ಪರ್ಸನ್." ಇಂದು ಗಂಟಿನ ಪಕ್ಕ ಕೂತಳು. "ನೀನು ಯಾವಾಗ ಉಡ್ತಿದ್ದೆ ಇದನ್ನ?"

"ಹೇಳಿದೀನಲ್ಲ. ಹೋದಾಗ ಉಡಿಸಲಿ ಅಂತ..."

"ಆ ಲೇಡಿ ಮಾಡಿದ್ದೂ ಅದೇ ಅಲ್ವಾ? ಅವಳು ಒಂದಿನಕ್ಕೆ ಉಡಿಸಿದ್ಳು. ನೀನು ಹದಿನೇಳು ವರ್ಷದಿಂದ ಹೆಣಕ್ಕೇ ಉಡಿಸಿಟ್ಟಿದೀಯ."

ಅರಿಶಿನದ ಕೈ ಹಾಗೆಯೇ ನಿಂತಿತು. ಸತ್ಯವತಿ ಗಂಟನ್ನೆತ್ತಿ ಒಳಗೆ ತಂದಳು.

ಮರುದಿನ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಅವಳು ಹೊರಬಂದಾಗ ಗುರುಪ್ರಸಾದ ಕಾಫಿ ಲೋಟ ಹಿಡಿದು ಬೆಚ್ಚಿಬಿದ್ದ. "ಏನೇ ಇದು? ಅದಕ್ಕೆ ಅಂತ ಇಟ್ಟ ಸೀರೆ..."

"ಹಬ್ಬ ಕಣ್ರೀ," ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತಳು. ಒಬ್ಬಟ್ಟು ಬೇಯಿಸುವಾಗ ಗೋಪುರದ ಅಂಚಿಗೆ ಎಣ್ಣೆ ಸಿಡಿಯಿತು. ಇಂದು ಗಾಬರಿಯಾಗಿ ಒರೆಸಲು ಬಟ್ಟೆ ಹುಡುಕಿದಳು.

"ಅದು ಇರಲಿ ಬಿಡು," ಎಂದಳು ಸತ್ಯವತಿ. "ನೆಲಕ್ಕೂ ಚೆಲ್ಲಿದೆ, ಮೊದಲು ಅದನ್ನ ಒರೆಸು. ಅಗೋ ಅಲ್ಲಿದೆ ನೋಡು, ನಿಮ್ಮಪ್ಪನ ಪಂಚೆ."