ಅತ್ತಿಯ ಬೇರು ಇಳಿದ ಹಗೇವು

ಮೊನ್ನೆ ಸೊಲ್ಲಾಪುರದ ನಮ್ಮ ಮನೆಯಲ್ಲಿ ಸೊಸೆ ಜೋಳದ ಡ್ರಮ್ಮಿನ ಮುಚ್ಚಳ ತೆಗೆದಳು. ಕಿಟಕಿಯಿಂದ ಮಳೆನೀರು ಸೋರಿ ತಳದ ಜೋಳವೆಲ್ಲ ನೆನೆದು ಹೋಗಿತ್ತು. ಹುಳಿ ಹುಳಿಯಾದ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, "ಬಗ್ಗಬ್ಯಾಡ! ಮಾರಿ ಹೊರಗ ತಗಿ!" ಎಂದು ಚೀರಿಬಿಟ್ಟೆ. ಡ್ರಮ್ಮು ಅವಳ ಸೊಂಟದ ಎತ್ತರವೂ ಇಲ್ಲ. ಮುದುಕಿಗೆ ತಲೆ ಕೆಟ್ಟಿತೇನೋ ಅನ್ನುವಂತೆ ನೋಡಿದಳು. ಅವಳಿಗೇನು ಗೊತ್ತು… ನನಗೆ ಬಾಜೂಮನಿ ಕಾಕಾ ನೆನಪಾಗಿದ್ದರು.

ಐವತ್ತರ ದಶಕದ ಮಾತು. ಮಂಗಳವೇಢೆ ಕಡೆಯ ನನ್ನನ್ನು ಅಕ್ಕಲಕೋಟೆ ಹತ್ತಿರದ ಮೈಂದರ್ಗಿಗೆ ಕೊಟ್ಟಿದ್ದರು. ಗಂಡ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ಊರಲ್ಲಿ ನಾನು, ವಿಧವೆ ಅತ್ತೆ, ಇಬ್ಬರೇ. ನಮ್ಮ ಹಿತ್ತಲಿಗೂ ಕಾಕಾನ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ದಿನಾ ಬೆಳಿಗ್ಗೆ ಕಾಕಾ ಆ ಗೋಡೆಯ ಮೇಲೆ ಮೊಳಕೈ ಊರಿ, "ಪಲ್ಯಾ ಏನ್ ಮಾಡೀಯವ್ವಾ ಇವತ್ತ?" ಅನ್ನುತ್ತಿದ್ದರು. ನಾನು ಬದನೆಕಾಯಿ ಅನ್ನಲಿ, ಬರೀ ಖಾರ ಅನ್ನಲಿ, ಅವರ ಖಾಲಿ ಬಟ್ಟಲು ಮಾತ್ರ ಗೋಡೆ ದಾಟಿ ಬಂದೇ ಬರುತ್ತಿತ್ತು. ಹೆಂಡತಿ ತೀರಿದ ಮೇಲೆ ಆ ಮನುಷ್ಯ ರೊಟ್ಟಿ ಬಡಿಯಲು ಕಲಿತರು, ಪಲ್ಯ ಮಾಡಲು ಕಲಿಯಲಿಲ್ಲ.

ಗೋಡೆಯ ಆಚೆ ಅವರ ಅತ್ತಿಗಿಡ. ಹೆಂಡತಿ ಅಕ್ಕಲಕೋಟೆಯಿಂದ ಸೆರಗಿನಲ್ಲಿ ಸಸಿ ಸುತ್ತಿ ತಂದು ನೆಟ್ಟದ್ದಂತೆ ಅದು. ಅತ್ತಿಯೆಂದರೆ ಔದುಂಬರ, ದತ್ತದೇವರ ಗಿಡ, ಕೊಡಲಿ ತಾಗಿಸುವಂತಿಲ್ಲ. ನನಗೆ ಮದುವೆಯಾಗಿ ವರ್ಷಗಳು ಉರುಳಿದರೂ ಒಡಲು ತುಂಬಿರಲಿಲ್ಲ. ಅತ್ತೆ ಗುರುವಾರ ಗುರುವಾರ ನನ್ನನ್ನು ಒದ್ದೆ ಸೀರೆಯಲ್ಲಿ ಕರೆದೊಯ್ದು ಗಿಡ ಸುತ್ತಿಸುತ್ತಿದ್ದಳು. ಬುಡಕ್ಕೆ ಕೊಡಗಟ್ಟಲೆ ನೀರು ಸುರಿಸುತ್ತಿದ್ದಳು. ನಾನು ಬಸುರಿಯಾದೆ. ಗಿಡ ಕೊಟ್ಟಿತು ಅಂದರು ಎಲ್ಲರೂ. ನಾನೂ ಹಾಗೇ ನಂಬಿದ್ದೆ.

ಅದೇ ಗಿಡದ ಬೇರು ನಮ್ಮ ಗೋಡೆ ಸೀಳಿತು. ಆಮೇಲೆ ಹಿತ್ತಲ ಬಾಗಿಲ ಹೊಸ್ತಿಲನ್ನು ಎತ್ತಿತು. ಬಾಗಿಲು ಹಾಕಿದರೆ ತೆಗೆಯಲು ಬಾರದು, ತೆಗೆದರೆ ಹಾಕಲು ಬಾರದು. ಅತ್ತೆ ಜಗಳಕ್ಕೆ ಹೋದರೆ ಕಾಕಾ ತಾವೇ ಮಣ್ಣು ಕಲಸಿಕೊಂಡು ಬಂದರು. "ಗ್ವಾಡಿ ಬಿದ್ರ ಮತ್ತ ಕಟ್ಟೂಣು ಬಿಡ್ರಿ. ಅಕಿ ನೆಟ್ಟ ಗಿಡಾ ಮತ್ತ ಬರತದೇನು?" ಎಂದು ಬಿರುಕಿಗೆ ಮೆತ್ತಿ ಹೋದರು. ಹಟಮಾರಿ ಮುದುಕ! ಮೆತ್ತಿದ್ದು ಮುಂದಿನ ಮಳೆಗೆ ಮತ್ತೆ ಬಾಯಿ ಬಿಟ್ಟಿತು.

ಗೋಡೆ ಹೋಗಲಿ, ಹೊಸ್ತಿಲು ಹೋಗಲಿ. ನಮ್ಮ ಜೀವವಿದ್ದದ್ದು ಹಿತ್ತಲಿನ ಹಗೇವಿನಲ್ಲಿ. ಆಗ ಜೋಳವನ್ನು ನೆಲದಲ್ಲೇ ಇಡುತ್ತಿದ್ದೆವು. ಊರಿನ ಬಿಳಿ ಮಣ್ಣಿನಲ್ಲಿ ಆಳುದ್ದಕ್ಕಿಂತ ಆಳದ ಗುಂಡಿ, ಒಳಗೆ ಸುತ್ತಲೂ ಹುಲ್ಲು, ನಡುವೆ ಜೋಳ, ಬಾಯಿಗೆ ಹಾಸುಗಲ್ಲು, ಅದರ ಮೇಲೆ ಮಣ್ಣು. ನೀರು ತಾಗದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸುಗ್ಗಿಯಲ್ಲಿ ಬಂದದ್ದನ್ನೆಲ್ಲ ಅದರೊಳಗೆ ಸುರಿದಿದ್ದೆವು. ಮುಂದಿನ ಸುಗ್ಗಿಯವರೆಗೆ ನಮ್ಮ ಅನ್ನ, ನನ್ನ ಬಾಣಂತನ, ಬಿತ್ತುವ ಬೀಜ ಎಲ್ಲ ಅದೇ.

ಶ್ರಾವಣದಲ್ಲಿ ಮನೆಯೊಳಗಿನ ಜೋಳ ತೀರಿತು. ಹಗೇವು ತೆಗೆಸಿದೆವು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು, ಅದು ಪದ್ಧತಿ. ಮೊದಲ ದಿನ ಕಂದೀಲು ಆರಿತು. ಮರುದಿನವೂ ಆರಿತು. ಕೊನೆಗೆ ಇಳಿದ ಆಳು ಕೆಳಗಿನಿಂದ ಒಂದು ಬುಟ್ಟಿ ಕಳಿಸಿದ. ಕರ್ರಗೆ ಗಟ್ಟಿಯಾದ ಜೋಳದ ಹೆಂಟೆ, ಅದರ ತುಂಬ ಕೂದಲಿನಂಥ ಬೇರು. ನಾವೇ ಸುರಿದ ನೀರು ಬೇರಿನ ದಾರಿ ಹಿಡಿದು ನಮ್ಮ ಅನ್ನಕ್ಕೇ ಇಳಿದಿತ್ತು. ಅತ್ತೆ ಹಣೆ ಹಣೆ ಬಡಿದುಕೊಂಡಳು. ನಾನು ಹೊಟ್ಟೆ ಹಿಡಿದು ಕುಸಿದೆ. ಏಳು ತಿಂಗಳಾಗಿತ್ತು. ಏನು ತಿನ್ನುವುದು, ಹುಟ್ಟಿದ್ದಕ್ಕೆ ಏನು ಕುಡಿಸುವುದು? ಸತ್ತರೂ ಚಿಂತೆಯಿಲ್ಲ ಅನ್ನಿಸಿತ್ತು ಅವತ್ತು.

ಬೇರು ಕಡಿಯಲು ಊರಲ್ಲಿ ಒಬ್ಬನೂ ಬರಲಿಲ್ಲ. ದತ್ತನ ಗಿಡ, ನಮಗ್ಯಾಕ ಪಾಪ ಅಂದರು. ಅತ್ತೆಯೇ ಕೊಡಲಿ ಹಿಡಿದು ಗೋಡೆಯವರೆಗೆ ಹೋದಳು. ನನ್ನ ಹೊಟ್ಟೆ ನೋಡಿದಳು, ಕೊಡಲಿ ಕೆಳಗಿಟ್ಟಳು. "ಕೊಟ್ಟಿದ್ದೂ ಇದ, ಕಸಗೊಂಡಿದ್ದೂ ಇದ. ಯಾರಿಗೆ ಬೈಲಿ ನಾ?" ಎಂದು ಅತ್ತಳು.

ಗಿಡದಿಂದ ಜೋಳ ಕೆಟ್ಟಿತೆಂದರೆ ಕಾಕಾ ಒಪ್ಪಲೇ ಇಲ್ಲ. "ನೀವು ಹುಲ್ಲ ಸರಿ ಹಾಕಿಲ್ಲ. ನನ್ನ ಹಗೇವು ಗಿಡದ ಬುಡಕ್ಕ ಅದ. ಒಂದ ಕಾಳ ಕೆಟ್ಟಿಲ್ಲ, ಕೆಡೂದೂ ಇಲ್ಲ."

"ತಗದು ನೋಡೀರೇನು?" ಅಂದಳು ಅತ್ತೆ.

"ನೋಡೂದೇನದ? ಅಕಿ ಗಿಡಾ ನನ್ನ ಅನ್ನಾ ಕೆಡಸ್ತದ?"

ಮರುದಿನ ಬೆಳಿಗ್ಗೆ ಎಂದಿನಂತೆ ಗೋಡೆಗೆ ಮೊಳಕೈ ಊರಿದರು. "ಪಲ್ಯಾ ಏನ್ ಮಾಡೀಯವ್ವಾ ಇವತ್ತ?"

"ರೊಟ್ಟೀಗೇ ಗತಿ ಇಲ್ಲ ಕಾಕಾ, ಪಲ್ಯಾ ಎಲ್ಲೀದು?" ಅಂದೆ. ಅಳು ತಡೆಯಲಾಗಲಿಲ್ಲ.

ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ಗುದ್ದಲಿ ತಂದರು. ತಮ್ಮ ಹಗೇವಿನ ಮಣ್ಣು ಕೆರೆದು ಹಾಸುಗಲ್ಲು ಸರಿಸಿದರು. "ಅರ್ಧಾ ನಿಮ್ದು. ಬಸುರ ಹೆಣಮಗಳು ಉಪಾಸ ಇರಬಾರ್ದು. ಹೊತ್ತ ಏರೂದ್ರಾಗ ರೊಟ್ಟಿ ಬಡೀತಿ ನೋಡು."

ನನ್ನ ಮೂಗಿಗೆ ಆ ಹುಳಿ ವಾಸನೆ ಬಡಿಯಿತು. "ಕಾಕಾ, ವಾಸನಿ ಬರಾಕತ್ತದ!"

"ಅದು ನಿಮ್ಮ ಹಗೇದ್ದು." ಹೌದು, ನಮ್ಮದೂ ಗೋಡೆಯ ಈಚೆ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಯಾವುದು ಯಾರದೆಂದು ಹೇಗೆ ತಿಳಿಯಬೇಕು?

ಅತ್ತೆ ಓಡಿ ಬಂದಳು. "ಇವತ್ತೊಂದಿನ ತಡೀರಿ. ಕಂದೀಲರ ಬಿಡ್ರಿ ಮೊದಲ!"

"ಕಂದೀಲು ಕೆಟ್ಟ ಜೋಳಕ್ಕ. ನನ್ನ ಹಗೇವು ನನಗ ಗೊತ್ತಿಲ್ಲೇನು?" ಎಂದು ನಗುತ್ತ ಹಗ್ಗ ಹಿಡಿದು ಇಳಿದರು. ತಲೆಯ ರುಮಾಲು ಕಾಣುವವರೆಗೆ ಕಂಡಿತು. "ಬುಟ್ಟಿ ಬಿಡವ್ವಾ" ಅಂದರು. ಗೋಡೆ ಬಳಸಿ ಹೋಗಿ ಬುಟ್ಟಿ ಬಿಟ್ಟೆ. ಅದು ತಳ ಮುಟ್ಟಿತು. ಯಾರೂ ಹಿಡಿಯಲಿಲ್ಲ.

ಕೂಗಿದೆ. ಅತ್ತೆ ಕೂಗಿದಳು. ಓಣಿಗೆ ಓಣಿಯೇ ಓಡಿ ಬಂತು. ಇಳಿದವನೊಬ್ಬ ನಡುವಿನಲ್ಲೇ ತೂಗಾಡಿದ, ಅವನನ್ನು ಎಳೆದು ಹಾಕಿದರು. ಸೀರೆ ಬೀಸಿ ಗಾಳಿ ಹಾಕಿದೆವು, ಕೊಡಗಟ್ಟಲೆ ನೀರು ಎರಚಿದೆವು. ಕಂದೀಲು ಇಳಿಬಿಟ್ಟರೆ ಬಾಯಿ ದಾಟುವಷ್ಟರಲ್ಲೇ ಪುಸಕ್ಕನೆ ಆರುತ್ತಿತ್ತು. ಮತ್ತೆ ಹಚ್ಚುವುದು, ಮತ್ತೆ ಆರುವುದು… ಬಾವಿಯ ಕೊಕ್ಕೆ ಹಾಕಿ ಮೇಲೆತ್ತುವ ಹೊತ್ತಿಗೆ ಕಾಕಾನಲ್ಲಿ ಜೀವ ಇರಲಿಲ್ಲ. ಅವರ ಮುಷ್ಟಿಯಲ್ಲಿ ಕರ್ರಗಿನ ಜೋಳವಿತ್ತು. ಅದರ ತುಂಬ ಬೇರು, ನಮ್ಮದಕ್ಕಿಂತ ದಪ್ಪ ಬೇರು.

ಹೇಗೋ ಬದುಕಿದೆವು. ಗಂಡ ಬಂದು ನಮ್ಮಿಬ್ಬರನ್ನೂ ಸೊಲ್ಲಾಪುರಕ್ಕೆ ಕರೆತಂದ. ಮಗ ಇಲ್ಲಿ ಹುಟ್ಟಿದ. ಆ ಗೋಡೆ ಎಂದೋ ಬಿದ್ದಿತಂತೆ. ಗಿಡವನ್ನು ಇಂದಿಗೂ ಯಾರೂ ಮುಟ್ಟಿಲ್ಲವಂತೆ. ಮಗ ಅಕ್ಕಲಕೋಟೆಗೆ ಹೋಗಿ ಔದುಂಬರ ಸುತ್ತಿ ಪ್ರಸಾದ ತರುತ್ತಾನೆ, ಕಣ್ಣಿಗೊತ್ತಿಕೊಳ್ಳುತ್ತೇನೆ. ಅತ್ತಿಗಿಡಕ್ಕೆ ನೀರು ಹಾಕಲು ಮಾತ್ರ ನನ್ನ ಕೈ ಮತ್ತೆ ಏಳಲಿಲ್ಲ.

ಸೊಸೆ ಕೆಟ್ಟ ಜೋಳವನ್ನೆಲ್ಲ ಹೊರಗೆ ಸುರಿದು, ಡ್ರಮ್ಮು ತೊಳೆದು ಬಿಸಿಲಿಗೆ ಇಟ್ಟಳು. ನನ್ನ ಸಿಟ್ಟು ಇಳಿದಿರಬೇಕೆಂದು ಮೆಲ್ಲಗೆ ಬಾಗಿಲಲ್ಲಿ ಇಣುಕಿದಳು.

"ಅತ್ತಿ, ಪಲ್ಯಾ ಏನ್ ಮಾಡ್ಲಿ ಇವತ್ತ?"

ಸೆರಗು ಬಾಯಿಗೆ ಒತ್ತಿಕೊಂಡೆ.