ಕೊರೆಯುವ ಹೊಳೆಯಲ್ಲಿ ಒಂದು ಗೇಣು ಬಿಸಿನೀರು

ಮೊಮ್ಮಗಳು ಹುಟ್ಟಿದಳು! ನಿನ್ನೆ ನಸುಕಿನಲ್ಲಿ ಹುಟ್ಟಿ, ಇವತ್ತು ಮಧ್ಯಾಹ್ನ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಗೆ ಬಂದೂಬಿಟ್ಟಳು. ತಾಯಿ, ಕೂಸು ಇಬ್ಬರೂ ಆರಾಮ. ತಲೆತುಂಬ ಕೂದಲು. ಮೂಗು ಮಾತ್ರ ನಮ್ಮ ಅಳಿಯಂದಿರದು. ಇರಲಿ, ದೊಡ್ಡವಳಾದಂತೆ ಸರಿಹೋದೀತು. ಪಕ್ಕದ ಮನೆಯವರಿಗೆ, ಪೋಸ್ಟಿನವನಿಗೆ, ಬಸ್ ಸ್ಟಾಪಿನಲ್ಲಿ ನಿಂತಿದ್ದ ಪಂಜಾಬಿ ಮುದುಕಿಗೆ, ಕಂಡಕಂಡವರಿಗೆಲ್ಲ ಸಕ್ಕರೆ ಕೊಟ್ಟೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಬರಿಗೈಯಲ್ಲಿ ಕೂಸು ತೂಗಿ ತೋರಿಸಿದೆ, ಎಲ್ಲರಿಗೂ ತಿಳಿಯಿತು. ಪೋಸ್ಟಿನವನು ಚೀಲ ಕೆಳಗಿಟ್ಟು ಅವನೂ ತೂಗಿದ.

ಈ ಸಂತೋಷದಲ್ಲಿ ಒಂದು ಸಂಗತಿ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾನು ನಾಲ್ಕನೇ ಇಯತ್ತೆ ತನಕ ಶಾಲೆ ಓದಿದವಳು, ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಇಂಥ ಮಾತು ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಧಾರವಾಡದಲ್ಲಿದ್ದಾಗ ನಮ್ಮ ಓಣಿಯಲ್ಲಿ ಯಾರಾದರೂ ಬಾವಿಯಲ್ಲಿ ಬಳೆ ಸಪ್ಪಳ ಕೇಳಿತು ಅಂದರೆ, "ಹೌದವಾ, ಹಸಿವ್ಯಾಗಿರಬೇಕು ನಿನಗ, ಉಣ್ಣು ನಡಿ" ಅನ್ನುತ್ತಿದ್ದೆ. ಅಂಥವಳು ನಾನು.

ನಮ್ಮ ಯಜಮಾನರು ಹೋದ ಮೇಲೆ ಮಗಳು ನೀಲಾ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅಳಿಯಂದಿರು ಮಹಾಂತೇಶ, ಹೌನ್ಸ್ಲೋ ಕಡೆ ವಿಮಾನದ ಸಾಮಾನಿನ ಗೋಡೌನಿನಲ್ಲಿ ಕೆಲಸ. ನೀಲಾಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಎರಡನೆಯದು ಹೋದ ಮೇಲೆ ಹುಡುಗಿ ಮಾತು ಬಿಟ್ಟಳು. ಹೀಟರಿನ ಪಕ್ಕ ಕೂತು, ಕೈ ಎರಡೂ ಚಾದರದೊಳಗೆ ಹುದುಗಿಸಿಕೊಂಡು ಕಿಟಕಿ ನೋಡುವುದು. ಆ ಕೈ ಮುಟ್ಟಿದರೆ ತಣ್ಣಗೆ ಕಲ್ಲು. ಜಿಪಿ ಡಾಕ್ಟರ ಹತ್ತಿರ ಹೋದೆವು, ರಕ್ತ ನೋಡಿದರು, ಏನೂ ಇಲ್ಲ ಅಂದರು. ಕೂಸಿಗಾಗಿ ಇನ್ನೊಂದು ಸಲ ನೋಡೋಣ ಅಂತ ಗಂಡ ಅಂದರೆ, "ನನ್ನ ಕೈಲಿ ಆಗಂಗಿಲ್ಲ" ಅಂತ ಅಷ್ಟೇ ಅಂದು ಮುಖ ತಿರುಗಿಸುತ್ತಿದ್ದಳು.

ಅಳಿಯಂದಿರಿಗೆ ಒಂದು ಹುಚ್ಚು. ಕೆಲಸದಲ್ಲಿ ಜೊತೆಗಿದ್ದ ಒಬ್ಬ ಇಂಗ್ಲಿಷ್ ಮುದುಕ ಗಾಳ ಹಾಕುವುದನ್ನು ಕಲಿಸಿದ್ದ. ನಾವು ಲಿಂಗವಂತರು, ಮೀನು ಮುಟ್ಟುವವರಲ್ಲ. ಇವರೂ ತಿನ್ನುವುದಿಲ್ಲ, ಹಿಡಿದು ಮತ್ತೆ ನೀರಿಗೆ ಬಿಡುತ್ತಾರೆ.

"ತಿನ್ನಾವ್ರಲ್ಲ, ಮಾರಾವ್ರಲ್ಲ. ಹಿಡದು ಬಿಡಾಕ ಅಷ್ಟ್ ದೂರ ಯಾಕ ಹೋಗ್ತೀರಿ ಅಳಿಯಂದ್ರ? ಇಲ್ಲೇ ಬಿಟ್ಟಬಿಡ್ರಲಾ!" ಅಂದೆ ಒಮ್ಮೆ.

"ನೀವೂ ಬರ್ರಿ ಅತ್ತಿ, ನೋಡೀರಂತ" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ನೀವು ಬಂದ್ರ ಅಕಿನೂ ಬರ್ತಾಳ" ಅಂದರು.

ಹಾಗೆ ಆ ವರ್ಷ ಚಳಿಗಾಲದಲ್ಲಿ ಕಾರಿನಲ್ಲಿ ವೇಲ್ಸಿನ ಗುಡ್ಡಕ್ಕೆ ಹೋದೆವು. ಗುಡ್ಡದ ನೆತ್ತಿಗೆ ಹಿಮ. ಕೆಳಗೆ ಸಣ್ಣ ಹೊಳೆ, ತಿಳಿ ಅಂದರೆ ಗಾಜು. ಕಲ್ಲಿನ ಅಂಚಿಗೆಲ್ಲ ನೀರು ಹೆಪ್ಪುಗಟ್ಟಿತ್ತು. ಅಳಿಯಂದಿರು ಗಾಳ ಬಿಚ್ಚುವ ಮೊದಲು ದಾರ ಕಟ್ಟಿದ ಥರ್ಮಾಮೀಟರ್ ನೀರಿಗೆ ಬಿಟ್ಟರು. ಹೊಳೆಗೆ ಜ್ವರ ನೋಡುವವರನ್ನು ನಾನು ಕಂಡಿದ್ದು ಅದೇ ಮೊದಲು. ಇಂಥ ಚಳಿಯಲ್ಲಿ ಮೀನು ಓಡಾಡುವುದಿಲ್ಲವಂತೆ, ಆಳದ ಮಡುವಿನಲ್ಲಿ ತಳಕ್ಕೆ ಹತ್ತಿ ಮಲಗಿರುತ್ತವಂತೆ. ನಡುಮಧ್ಯಾಹ್ನ ಬಿಸಿಲು ಬಿದ್ದು ನೀರು ತುಸು ಕಾದರೆ ಮಾತ್ರ ಬಾಯಿ ತೆರೆಯುತ್ತವಂತೆ.

ನನಗೇನು ಗೊತ್ತು? ಸವದತ್ತಿಗೆ ಹೋದಾಗ ಮಲಪ್ರಭೆಯ ಮೀನಿಗೆ ಚುರುಮುರಿ ಹಾಕಿ ಬೆಳೆದವಳು. ಇಲ್ಲಿಗೂ ಚೀಲ ತುಂಬ ಕಟ್ಟಿಕೊಂಡು ಬಂದಿದ್ದೆ. ಅವರು ಆ ಕಡೆ ತಿರುಗಿದ್ದೇ ತಡ, ಎರಡು ಬೊಗಸೆ ಮಡುವಿಗೆ ಸುರಿದೆ.

"ಅತ್ತೀ! ಏನ್ ಮಾಡಿದ್ರಿ! ಎಲ್ಲಾ ಓಡಿಹೋದ್ವು!"

"ಮಲಗ್ಯಾವು ಅಂದ್ರಿ, ಈಗ ಓಡಿಹೋದ್ವು ಅಂತೀರಿ. ಒಂದ ಮಾತು ಹೇಳ್ರಿ" ಅಂದೆ. ನೀಲಾ ಚಾದರದೊಳಗೆ ಸಣ್ಣಗೆ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ಅಳಿಯಂದಿರೂ ಕೇಳಿಸಿಕೊಂಡರು. ಚುರುಮುರಿ ಮಾತು ಅಲ್ಲಿಗೇ ಬಿಟ್ಟರು.

ಆಮೇಲೆ ದಂಡೆಯ ಹತ್ತಿರ, ತಿಳಿನೀರಿನ ಕೆಳಗೆ ಒಂದು ಜಾಗ ತೋರಿಸಿದರು. ಬೇರೆ ಕಡೆ ಕಲ್ಲಿಗೆ ಪಾಚಿ, ಅಲ್ಲಿ ಮಾತ್ರ ಹರಳು ತಿಕ್ಕಿ ತೊಳೆದಂತೆ ಬೆಳ್ಳಗಿತ್ತು. "ಅಲ್ಲಿ ಕಾಲ ಇಡಬ್ಯಾಡ್ರಿ. ಟ್ರೌಟ್ ಮೀನು ಬಾಲದಲೆ ಹರಳು ಕೆದರಿ ತತ್ತಿ ಇಟ್ಟು ಮುಚ್ಚಿರ್ತದ. ಅದಕ್ಕ ಚಳಿಗಾಲದಾಗ ಟ್ರೌಟ್ ಹಿಡಿಯಾಂಗಿಲ್ಲ. ನಾನು ಹಿಡಿಯೂದು ಬ್ಯಾರೆ ಮೀನು."

"ಬಾಣಂತಿ ಅನ್ರಿ" ಅಂದೆ.

"ಎಲ್ಲಾ ಉಳಿಯಂಗಿಲ್ಲ. ಭಾಳ ತತ್ತಿ ಹೋಗ್ತಾವು..." ಅಂದವರು ನಾಲಿಗೆ ಕಚ್ಚಿಕೊಂಡರು. ನೀಲಾಳ ಮುಖದಿಂದ ನಗು ಹೋಗಿತ್ತು. ಅವರು ಗಾಳ ಎತ್ತಿಕೊಂಡು ಮೇಲಕ್ಕೆ ನಡೆದರು.

ಯಾವ ಹೊಳೆಗೆ ಹೋದರೂ ನೀರು ಮುಟ್ಟಿ ಕಣ್ಣಿಗೆ ಹಚ್ಚಿಕೊಳ್ಳುವುದು ನಮ್ಮ ರೂಢಿ. ದಂಡೆಯ ಕಲ್ಲಿನ ಮೇಲೆ ಕೂತು, ಆ ಬೆಳ್ಳನೆಯ ಹರಳಿನ ಮೇಲಿನ ನೀರಿಗೆ ಕೈ ಇಳಿಸಿದೆ. ಕೊರೆದೀತು ಅಂತ ಹಲ್ಲು ಕಚ್ಚಿದ್ದೆ. ನೀರು ಬೆಚ್ಚಗಿತ್ತು.

ಕೂಸಿಗೆ ಎರೆಯಲು ಹದ ಮಾಡಿದ ನೀರು ಇರುತ್ತದಲ್ಲ, ಹಾಗೆ. ಕೈ ಒಂದು ಗೇಣು ಆಚೆ ಸರಿಸಿದೆ, ಮೂಳೆ ಸಿಡಿಯುವಂಥ ಚಳಿ. ಮತ್ತೆ ಈಚೆ ತಂದೆ, ಬೆಚ್ಚಗೆ. ನನ್ನ ಭ್ರಮೆ ಅಂದುಕೊಂಡು, "ನೀಲಾ, ಕೈ ಇಡ ಇಲ್ಲೆ" ಅಂದೆ. ಬೇರೇನೂ ಹೇಳಲಿಲ್ಲ. ಅವಳು ಒಲ್ಲೆನೆಂದಳು, ಕಡೆಗೆ ಚಾದರದಿಂದ ಒಂದು ಕೈ ತೆಗೆದು ಅದ್ದಿದಳು. ನನ್ನ ಮುಖ ನೋಡಿದಳು. "ಅವ್ವಾ, ಬಿಸಿ ಐತಿ" ಅಂದು ಇನ್ನೊಂದು ಕೈಯನ್ನೂ ಇಟ್ಟಳು. ಹಾಗೇ ಕೂತು ಅಳಲು ಹತ್ತಿದಳು. ಮಕ್ಕಳು ಹೋದಾಗಲೂ ಅವಳು ಅತ್ತಿರಲಿಲ್ಲ.

ಅಳಿಯಂದಿರು ಓಡಿ ಬಂದರು. ಕೈ ಇಟ್ಟು ಚಟ್ಟನೆ ಎಳೆದುಕೊಂಡರು. "ಬಿಸಿ ಎಲ್ಲೈತ್ರಿ? ಮಂಜುಗಡ್ಡಿ ಐತಿ!" ಅಲ್ಲೇ ನಮ್ಮ ಕೈಗಳ ನಡುವೆ ಥರ್ಮಾಮೀಟರ್ ಬಿಟ್ಟರು. ಅದೂ ಅವರ ಪಕ್ಷ ಹಿಡಿಯಿತು. ಚಳಿಗೆ ಕೈ ಜೋಮು ಹಿಡಿದರೆ ಹಾಗೆ ಬಿಸಿ ಅನ್ನಿಸುತ್ತದೆ ಅಂದರು. ಇದ್ದೀತು. ಆದರೆ ನಾನು ಕೈ ಇಳಿಸಿದ ಕ್ಷಣಕ್ಕೇ ಜೋಮು ಹಿಡಿಯಿತೇ? ಒಂದು ಗೇಣು ಆಚೆ ಸರಿಸಿದರೆ ಬಿಟ್ಟು, ಈಚೆ ತಂದರೆ ಮತ್ತೆ ಹಿಡಿಯಿತೇ?

ಮರಳುವಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಲಂಡನ್ ದೀಪ ಕಾಣುವ ಹೊತ್ತಿಗೆ ಅಳಿಯಂದಿರು ಒಂದು ಕೈಯಿಂದ ನೀಲಾಳ ಕೈ ಹಿಡಿದರು. ಹಿಡಿದವರು ಅವಳ ಕಡೆ ತಿರುಗಿ ನೋಡಿದರು. "ಅತ್ತಿ, ಈಕಿ ಕೈ ಕಾದೈತಿ" ಅಂದರು. "ರಸ್ತೆ ನೋಡ್ರಿ" ಅಂದೆ. ಅವತ್ತಿನಿಂದ ಅವಳ ಕೈ ಮತ್ತೆ ತಣ್ಣಗಾಗಲಿಲ್ಲ. ಮೆಲ್ಲಗೆ ಮಾತು ಬಂತು. ಬಹಳ ದಿನ ಕಳೆದು ಒಂದು ಮುಂಜಾನೆ, "ಇನ್ನೊಂದ್ ಸಲ ನೋಡೂಣು" ಅಂತ ಅವಳೇ ಗಂಡನಿಗೆ ಅಂದಳು.

ಅಳಿಯಂದಿರು ಮುಂದೆ ಅದೇ ಹೊಳೆಗೆ ಹೋದಾಗೆಲ್ಲ ಅಲ್ಲಿ ಕೈ ಇಟ್ಟು ನೋಡಿದ್ದಾರೆ. ಪ್ರತಿ ಸಲವೂ ತಣ್ಣಗೇ ಇತ್ತಂತೆ. ನಾನೂ ಎಷ್ಟೋ ಯೋಚನೆ ಮಾಡಿದೆ. ತಾಯಿ ಬಿಟ್ಟುಹೋದ ತತ್ತಿಗಳನ್ನು ಆ ಹೊಳೆಯೇ ಕಾಯುತ್ತದೋ, ನನಗೂ ಮಗಳಿಗೂ ಒಮ್ಮೆಗೇ ಭ್ರಮೆಯಾಯಿತೋ, ಇವತ್ತಿಗೂ ತಿಳಿದಿಲ್ಲ. ತಿಳಿದವರಿದ್ದರೆ ಹೇಳಿ.

ಈಗಷ್ಟೇ ಊಟ ಮುಗಿಯಿತು. ಕ್ರೋಯ್ಡನ್ನಿನಿಂದ ಬೀಗರು ಬಂದಿದ್ದಾರೆ. ಬೀಗತಿ ರೊಟ್ಟಿ ಬಡಿದರು, ನಾನು ಅಳವಿ ಬೀಜದ ಪಾಯಸ ಮಾಡಿದೆ. ಬಾಣಂತಿ ಎಲ್ಲರ ಜೊತೆ ಕೂತು ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಇವತ್ತೊಂದು ದಿನ ಕೂಡಲಿ ಅಂತ ನಾನೇ ಕರೆದೆ. ಅಳಿಯಂದಿರು ಎಡತೋಳಿನಲ್ಲಿ ಕೂಸು ಹಿಡಿದುಕೊಂಡೇ ಊಟಕ್ಕೆ ಕೂತಿದ್ದರು. ಕೂಸು ಅವರ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿಯಿತು. ಅವರ ಬಲಗೈಯ ತುತ್ತು ಹಾಗೇ ನಿಂತಿತು.

"ನೀಲಾ, ಎಷ್ಟ್ ಬಿಸಿ ಐತಿ ನೋಡ ಇದರ ಕೈ" ಅಂದರು.

"ಥರ್ಮಾಮೀಟರ್ ತರ್ಲೇನು?" ಅಂದಳು ನೀಲಾ.

ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಬೀಗತಿಗೆ ಏನೂ ತಿಳಿಯಲಿಲ್ಲ. "ನಗೂದು ಆಮ್ಯಾಲ. ರೊಟ್ಟಿ ಆರ್ತಾವು, ಉಣ್ರಿ ಮೊದಲ" ಅಂದು ಎಲ್ಲರ ತಾಟಿಗೂ ಇನ್ನೊಂದೊಂದು ಬಿಸಿರೊಟ್ಟಿ ಹಾಕಿದರು. ಉಂಡೆವು.